ಖಾಡಿಗೆ ಉಡಿ ತುಂಬಿದ್ದು

ನೆರೂಳಕ್ಕೆ ಬಂದ ಮೂರನೇ ದಿನ ನಾನು ನಮ್ಮವರನ್ನು ಹಡಗು ಹತ್ತಿಸಿದೆ. ಅವರು ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು.

ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಸಾಮಾನಿನ ಡಬ್ಬಗಳನ್ನು ಇನ್ನೂ ಬಿಚ್ಚಿರಲಿಲ್ಲ. ಎದುರು ಮನೆಯ ಮರಾಠಿ ಕಾಕೂ ಸಂಕ್ರಾಂತಿಯ ಹಳದಿ-ಕುಂಕುವಿಗೆ, ಅಂದರೆ ಮುತ್ತೈದೆಯರ ಅರಿಶಿನ-ಕುಂಕುಮಕ್ಕೆ, ಕರೆಯಲು ಬಾಗಿಲಲ್ಲಿ ನಿಂತಿದ್ದರು. ನನ್ನ ಹಣೆ ನೋಡಿದರು, ಕೈಬಳೆ ನೋಡಿದರು, ಒಳಗೆ ಇಣುಕಿ, "ಮಿಸ್ಟರ್ ಕುಠೆ ಅಸತಾತ?" ಎಂದು ಕೇಳಿದರು. ಮಿಸ್ಟರ್ ಎಲ್ಲಿರುತ್ತಾರೆ ಎಂದರೆ ಏನು ಹೇಳಲಿ? ನನ್ನ ಬಾಯಿಂದ "ಜಹಾಜಾವರ" ಎಂದು ಬಂದುಬಿಟ್ಟಿತು. ಹಡಗಿನಲ್ಲಿ! ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತಾರು ವರ್ಷ ಕೂತಿದ್ದ ಮನುಷ್ಯ ಅವರು. ಒಮ್ಮೆ ಎಲಿಫೆಂಟಾಕ್ಕೆ ಹೋಗುವ ದೋಣಿಯಲ್ಲಿ ವಾಂತಿ ಮಾಡಿಕೊಂಡು, ಗುಹೆ ನೋಡದೆ ಜೆಟ್ಟಿಯಲ್ಲೇ ಮಲಗಿಬಿಟ್ಟಿದ್ದರು.

ಆ ಸುಳ್ಳಿಗೆ ಒಂದು ಕಾರಣವಿತ್ತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಪ್ರತಿ ಜನವರಿ ನಾನು ಹನ್ನೊಂದು ಮನೆಗೆ ಹಳದಿ-ಕುಂಕುವಿಗೆ ಹೋಗುತ್ತಿದ್ದೆ. ಹಣೆಗೆ ಕುಂಕುಮ, ಕೈಗೆ ಎಳ್ಳುಂಡೆ, ಮೇಲೊಂದು ಸ್ಟೀಲಿನ ಬಟ್ಟಲೋ ಪ್ಲಾಸ್ಟಿಕ್ಕಿನ ಜರಡಿಯೋ ಉಡುಗೊರೆ. ನನ್ನ ಅಡುಗೆಮನೆಯ ಅರ್ಧ ಸಾಮಾನು ಹಾಗೆ ಬಂದದ್ದೇ. ಇವರು ತೀರಿಕೊಂಡ ಮೇಲಿನ ಸಂಕ್ರಾಂತಿಗೂ ಬಾಗಿಲು ತೆರೆದಿಟ್ಟು ಕೂತಿದ್ದೆ. ಇಲ್ಲಿನ ಸಂಕ್ರಾಂತಿ ಪದ್ಧತಿಯಂತೆ ಕಪ್ಪು ಸೀರೆ ಉಟ್ಟ ಹೆಂಗಸರು ನಗುತ್ತಾ ಮೆಟ್ಟಿಲು ಹತ್ತಿ ಬಂದರು, ನನ್ನ ಬಾಗಿಲ ಮುಂದೆ ಬಂದಾಗ ಮಾತು ನಿಲ್ಲಿಸಿದರು, ದಾಟಿದ ಮೇಲೆ ಮತ್ತೆ ಶುರು ಮಾಡಿದರು. ಅವರೇನೂ ಕೆಟ್ಟವರಲ್ಲ. ಇವರು ಆಸ್ಪತ್ರೆಯಲ್ಲಿದ್ದಷ್ಟು ದಿನ ನನಗೆ ಊಟದ ಡಬ್ಬಿ ತಪ್ಪಿಸಿದವರಲ್ಲ. ಆದರೂ ಆ ದಿನ ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಎದ್ದು ಕನ್ನಡಿಯ ಮುಂದೆ ನಿಂತು ದಿನಕ್ಕಿಂತ ಎರಡು ಪಟ್ಟು ದೊಡ್ಡ ಕುಂಕುಮ ಇಟ್ಟುಕೊಂಡೆ. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಇಟ್ಟುಕೊಂಡ ಕುಂಕುಮ ನನ್ನದು. ಇವರು ಕೊಟ್ಟದ್ದೂ ಅಲ್ಲ, ಇವರು ಒಯ್ದದ್ದೂ ಅಲ್ಲ.

ಹಾಗಾಗಿ ಮನೆ ಮಾರಿ ನೆರೂಳಕ್ಕೆ ಬಂದೆ. ಇಲ್ಲಿ ಯಾರಿಗೂ ನಾನು ಗೊತ್ತಿರಲಿಲ್ಲ.

ಊರೇನೋ ಚಂದವೇ. ಅಗಲ ರಸ್ತೆ, ಸೆಕ್ಟರಿಗೊಂದು ಉದ್ಯಾನ, ಮಳೆಗಾಲ ಬಿಟ್ಟರೆ ವರ್ಷವಿಡೀ ಕಣ್ಣು ಕುಕ್ಕುವ ಬಿಸಿಲು. ನನ್ನ ಆರನೇ ಮಹಡಿಯ ಬಾಲ್ಕನಿಯಿಂದ ನೋಡಿದರೆ ಕಾಂಡ್ಲಾ ಕಾಡಿನ ಆಚೆ ಖಾಡಿ, ಅಂದರೆ ನೆಲದೊಳಗೆ ಚಾಚಿದ ಕಡಲು, ಹೊಳೆಯುತ್ತದೆ. ಚಳಿಗಾಲದಲ್ಲಿ ಗುಲಾಬಿ ಬಣ್ಣದ ಕೊಕ್ಕರೆಗಳು ಬಂದು ಇಳಿಯುತ್ತವೆ, ಅವುಗಳ ಹಿಂದೆ ಉದ್ದ ಕ್ಯಾಮೆರಾದವರೂ ಬಂದು ಇಳಿಯುತ್ತಾರೆ. ಉಡುಪಿ ಕಡೆಯಿಂದ ಬಂದ ನೆಂಟರು ಆ ಬಾಲ್ಕನಿಯಲ್ಲಿ ನಿಂತು, "ಇದೆಂತ ಕಡಲು ಮಾರಾಯ್ತಿ, ಸದ್ದೇ ಇಲ್ಲ" ಎಂದು ಮೂಗು ಮುರಿಯುತ್ತಾರೆ. ನನಗೆ ಸಿಟ್ಟು ಬರುತ್ತದೆ. ಬೇಡವಾದರೆ ನೋಡಬೇಡಿ, ನನ್ನ ಕಡಲಿಗೆ ಸದ್ದು ಮಾಡುವ ಚಟ ಇಲ್ಲ.

ಬೆಳಿಗ್ಗೆ ಮನೆ, ಸಂಜೆ ಹತ್ತಿರದ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಬರೆಯುವ ಕೆಲಸ, ಹೀಗೆ ನನ್ನ ದಿನ. ಪುಣೆಯಲ್ಲಿ ಕೆಲಸ ಮಾಡುವ ಮಗಳು ತಿಂಗಳಿಗೊಮ್ಮೆ ಬರುತ್ತಾಳೆ. ನಾನು ತುಳುವಿನಲ್ಲೋ ಕನ್ನಡದಲ್ಲೋ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಹಡಗಿನ ಕಥೆ ಅವಳಿಗೆ ಗೊತ್ತು. ಚಪ್ಪಲಿ ಬಿಡುವ ಮೊದಲೇ, "ಮಮ್ಮಾ, ಪಪ್ಪಾ ಅಭೀ ಕಹಾಂ ಪಹುಂಚೆ?" ಎಂದು, ಪಪ್ಪಾ ಈಗ ಎಲ್ಲಿಗೆ ಮುಟ್ಟಿದರೆಂದು, ಕೀಟಲೆ ಮಾಡುತ್ತಾಳೆ. ಇಬ್ಬರೂ ನಗುತ್ತೇವೆ. ಆದರೆ ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಕಾಕೂ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಹಡಗಿನ ವಿಚಾರ ಕೇಳುತ್ತಿದ್ದರು. ನಾನು ಸಿಂಗಾಪುರ ಎಂದೆ, ಕೊಲಂಬೊ ಎಂದೆ, ಒಮ್ಮೆ ಬಾಯಿ ತಪ್ಪಿ ದೆಹಲಿ ಎಂದುಬಿಟ್ಟೆ. ಪುಣ್ಯಕ್ಕೆ ಕಾಕೂ ಫೋನಿನಲ್ಲಿದ್ದರು.

ಎರಡು ವರ್ಷ ಹೀಗೆ ಕಳೆದ ಮೇಲೆ ಅವ್ವ ಬಂದಳು.

ಎದುರಿನ ಜಾಗದಲ್ಲಿ ಮೂವತ್ತು ಮಹಡಿಯ ಟವರ್ ಏಳುತ್ತಿತ್ತು. ಅದರ ತಗಡಿನ ಶೆಡ್ಡುಗಳಲ್ಲಿ ಕಲಬುರಗಿ ಕಡೆಯ ಜನ ಇದ್ದರು. ಅವ್ವನ ಮಗ ಅಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಅವ್ವ ನಮ್ಮ ಬಿಲ್ಡಿಂಗಿನ ಎರಡು ಮನೆಗಳಲ್ಲಿ, ನನ್ನದರಲ್ಲೂ ಕಾಕೂವಿನದರಲ್ಲೂ, ಕಸ, ಬಟ್ಟೆ, ಪಾತ್ರೆಗೆ ಬರುತ್ತಿದ್ದಳು. ಬೇರೆಯವರಿಗೆ ಆಕೆ ಬರೀ ಕೆಲಸದ 'ಬಾಯಿ'. ಮಗ ಗೇಟಿನ ಹೊರಗೆ ನಿಂತು "ಅವ್ವಾ" ಎಂದು ಕೂಗುವುದನ್ನು ಕೇಳಿ ಕೇಳಿ ನಾನೂ ಅವ್ವ ಎನ್ನತೊಡಗಿದೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು! ಆಕೆ ನನ್ನನ್ನು ಅಕ್ಕೋರೆ ಎನ್ನುತ್ತಿದ್ದಳು.

ಮೊದಮೊದಲು ನಮ್ಮಿಬ್ಬರ ಕನ್ನಡ ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ನಾನು ಕುಚ್ಚಲಕ್ಕಿ ಗಂಜಿ ಕೊಟ್ಟರೆ ಆಕೆ, "ಇದೇನ್ರಿ ಅಕ್ಕೋರೆ, ಜಡ್ಡಾದೋರಿಗಿ ಮಾಡಿದಂಗ ಅದ" ಎನ್ನುತ್ತಿದ್ದಳು. ಆಕೆ ಜೋಳದ ರೊಟ್ಟಿ ತಂದುಕೊಟ್ಟರೆ ನಾನು ನೀರು ಕುಡಿದು ಕುಡಿದು ನುಂಗುತ್ತಿದ್ದೆ. ಆಮೇಲೆ ಯಾವಾಗಲೋ ರೂಢಿಯಾಯಿತು. ಬೆಳಿಗ್ಗೆ ಆಕೆ ಬರುವುದು ಹತ್ತು ನಿಮಿಷ ತಡವಾದರೆ ನಾನು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದೆ. ಮನೆಯಲ್ಲಿ ಕನ್ನಡ ಕೇಳಿಸುವುದೆಂದರೆ ಏನೆಂದು ಆಕೆ ಬಂದ ಮೇಲೆಯೇ ನನಗೆ ತಿಳಿದದ್ದು. ಜಗಳವೂ ಆಗುತ್ತಿತ್ತು. ನೆಲ ಒರೆಸಿದ್ದು ಸರಿಯಿಲ್ಲ ಎಂದು ನಾನು ಹೇಳಿದರೆ ಆಕೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ತೋರಸ್ರಿ ಹ್ಯಾಂಗ ಅಂತ" ಎಂದು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು.

ಎಂಟು ತಿಂಗಳಾದ ಮೇಲೆ ಒಂದು ದಿನ ಆಕೆ ಪೊರಕೆ ಕೆಳಗಿಟ್ಟು ನನ್ನೆದುರು ಕೂತಳು. ಟವರಿನ ಕೆಲಸ ಮುಗಿಯಿತು, ಮಗನಿಗೆ ಬೇರೆ ಕಡೆ ಕೆಲಸ, ಅದಕ್ಕೂ ಮೊದಲು ಇಬ್ಬರೂ ಊರಿಗೆ ಹೋಗುತ್ತಾರೆ, ಗುರುವಾರ ಸಂಜೆ ಕಲ್ಯಾಣದಿಂದ ಗಾಡಿ. ಊರಲ್ಲಿ ಮಗಳು ಬಸುರಿ. ಹಿಂದೆ ಎರಡು ಸಲ ಹೊಟ್ಟೆ ನಿಂತು ಐದನೇ ತಿಂಗಳಲ್ಲೇ ಹೋಗಿತ್ತು.

"ಈ ಸಲ ಏಳು ತಿಂಗಳ ದಾಟಿದ್ರ ಸಮುದ್ರದ ಗಂಗವ್ವಗ ಉಡಿ ತುಂಬೇ ಊರಿಗಿ ಬರ್ತೀನಿ ಅಂತ ಬೇಡ್ಕೊಂಡೀನ್ರಿ" ಎಂದಳು. "ಈಗ ಒಂಬತ್ತರಾಗ ಬಿದ್ದದ. ತುಂಬದ ಹ್ಯಾಂಗ ಹೋಗ್ಲಿ? ಹೋದ ಮ್ಯಾಲ ಏನರೆ ಆದ್ರ ನಾನೇ ಮಾಡ್ದಂಗ ಆಗ್ತದ."

"ಅದಕ್ಕೆಂತ, ಗುರುವಾರ ಬೆಳಿಗ್ಗೆ ಹೋಗುವ. ಖಾಡಿ ಇಲ್ಲೇ ಉಂಟಲ್ಲ" ಎಂದೆ.

"ನಾ ತುಂಬಂಗಿಲ್ಲಲ್ರಿ, ಗಂಡ ಸತ್ತಾಕಿ. ನೀವು ತುಂಬಬೇಕು. ನಿಮ್ಮ ಕೈಲಿಂದನೇ ಆಗಬೇಕು."

ಉಡಿ ತುಂಬುವುದು ಮುತ್ತೈದೆಯ ಕೆಲಸ. ಗಂಡ ಸಮುದ್ರದ ಮೇಲಿರುವವಳು ಎಂದಲ್ಲವೇ ಆಕೆ ನನ್ನನ್ನು ಆರಿಸಿದ್ದು? ಆ ಕ್ಷಣವೇ ಹೇಳಿಬಿಡಬೇಕಿತ್ತು. ಆದರೆ ಹೇಳಿದರೆ ಎದುರು ಮನೆಯ ಕಾಕೂವಿಗೂ ತಿಳಿಯುತ್ತದೆ, ಮತ್ತೆ ಜನವರಿಯಲ್ಲಿ ಹೆಂಗಸರು ನನ್ನ ಬಾಗಿಲ ಮುಂದೆ ಮಾತು ನಿಲ್ಲಿಸುತ್ತಾರೆ. "ಆಯ್ತು" ಎಂದೆ. ಮೂರು ದಿನ ಅನ್ನ ಸೇರಲಿಲ್ಲ. ಹಳದಿ-ಕುಂಕುವಿನ ವಿಷಯದಲ್ಲಿ ನಾನು ಮೋಸ ಮಾಡಿದ್ದರೆ ಅದು ನನ್ನ ಪಾಪ, ನನಗೇ ಇರಲಿ. ಇಲ್ಲಿ ಒಬ್ಬಳು ಹುಡುಗಿಯ ಹೆರಿಗೆ ಇತ್ತು. ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿಕೆ ಇರುವವಳು ಆಕೆ, ಏನಾದರೂ ಹೆಚ್ಚುಕಮ್ಮಿಯಾದರೆ ಜನ್ಮವಿಡೀ ಕೊರಗುವವಳೂ ಆಕೆಯೇ.

ಗುರುವಾರ ಬೆಳಿಗ್ಗೆ ಆಕೆಯ ಮಗ ಗಂಟುಮೂಟೆ ಹೊತ್ತು ಊರವರ ಜೊತೆ ಮೊದಲೇ ಕಲ್ಯಾಣಕ್ಕೆ ಹೋದ. ಅವ್ವನನ್ನು ನಾನು ಸಂಜೆಯೊಳಗೆ ಅಲ್ಲಿಗೆ ತಲುಪಿಸುವುದೆಂದು ಮಾತಾಗಿತ್ತು. ನಾವಿಬ್ಬರೂ ರಿಕ್ಷಾ ಹಿಡಿದು ಮೀನುಗಾರರ ಹಳೇ ಜೆಟ್ಟಿಗೆ ಹೋದೆವು. ಆಕೆ ಒಗೆದ ಸೀರೆ ಉಟ್ಟು, ಹೊಸ ಮೊರದಲ್ಲಿ ಎಲ್ಲವನ್ನೂ ಜೋಡಿಸಿಕೊಂಡಿದ್ದಳು: ಹಸಿರು ಕುಬಸದ ಖಣ, ಹಸಿರು ಬಳೆ, ಅಕ್ಕಿ, ಐದು ಉತ್ತತ್ತಿ, ಐದು ಅಡಿಕೆ, ಅರಿಶಿನದ ಬೇರು, ಅರಿಶಿನ ಕುಂಕುಮದ ಪೊಟ್ಟಣ, ಕೊಬ್ಬರಿ ಬಟ್ಟಲು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಜೆಟ್ಟಿಗೆ ಹೋಗಿ ನೋಡಿದರೆ ಸಮುದ್ರವೇ ಇಲ್ಲ!

ಕಣ್ಣು ಹಾಯುವವರೆಗೆ ಕೆಸರು. ಕಪ್ಪು, ಹೊಳೆಯುವ, ನಾರುವ ಕೆಸರು. ಅದರಲ್ಲಿ ದೋಣಿಗಳು ವಾಲಿಕೊಂಡು ಬಿದ್ದಿದ್ದವು, ಏಡಿಗಳು ಓಡಾಡುತ್ತಿದ್ದವು. ನೀರಿನ ಗೆರೆ ಎಲ್ಲೋ ದೂರದಲ್ಲಿ ತೆಳ್ಳಗೆ ಕಾಣುತ್ತಿತ್ತು. ಕಡಲ ತಡಿಯಲ್ಲಿ ಹುಟ್ಟಿದವಳು ನಾನು, ಕಡಲು ನೋಡಲು ಹೊತ್ತು ಗೊತ್ತು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಮ್ಮೂರಿನ ಕಡಲು ಇಳಿತದಲ್ಲಿ ಹೆಚ್ಚೆಂದರೆ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿದು ಅಲ್ಲೇ ಗದ್ದಲ ಮಾಡುತ್ತಿರುತ್ತದೆ. ಈ ಖಾಡಿ ಹೀಗೆ ಮನೆ ಖಾಲಿ ಮಾಡಿಕೊಂಡು ಹೋಗುತ್ತದೆಂದು ಯಾರಿಗೆ ಗೊತ್ತು? ಬಾಲ್ಕನಿಯಿಂದ ನೋಡಿದರೆ ಕೆಸರೂ ಹೊಳೆಯುತ್ತದೆ, ನೀರೂ ಹೊಳೆಯುತ್ತದೆ.

ಅವ್ವ ಕೆಸರು ನೋಡಿದಳು, ನನ್ನ ಮುಖ ನೋಡಿದಳು.

"ಇದೇನ್ರಿ ಸಮುದ್ರ?"

"ಸಮುದ್ರ ಸ್ವಲ್ಪ ಆಚೆ ಹೋಗಿದೆ ಮಾರಾಯ್ತಿ" ಎಂದೆ.

"ನಾ ಬಂದೀನಿ ಅಂತ ಹೋಯ್ತೇನ್ರಿ?" ಎನ್ನುವಾಗ ಆಕೆಯ ದನಿ ಒಡೆಯಿತು. ತಮಾಷೆಗೆ ಹೇಳಿದ್ದಲ್ಲ. ಎರಡು ಮೊಮ್ಮಕ್ಕಳನ್ನು ಕಳೆದುಕೊಂಡವಳಿಗೆ ಸಮುದ್ರವೂ ಮುಖ ತಿರುಗಿಸಿತೆಂದು ಅನ್ನಿಸಿದರೆ ತಪ್ಪೇನು? ನನಗೆ ನನ್ನ ತಲೆಯನ್ನೇ ಚಚ್ಚಿಕೊಳ್ಳಬೇಕು ಎನ್ನಿಸಿತು.

ತಗಡಿನ ಮಾಡಿನ ಕೆಳಗೆ ಮುದುಕಿಯೊಬ್ಬಳು ಬಲೆ ಸರಿಮಾಡುತ್ತಾ ಕೂತಿದ್ದಳು. ಅವಳೇ ಕರೆದಳು. "ಬಸ ಗ ಬಾಯ್, ಪಾಣೀ ಯೇಯಿಲ." ಕೂತ್ಕೊ, ನೀರು ಬರುತ್ತದೆ. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವಳು ಆಕಾಶ ನೋಡದೆ, ಗಡಿಯಾರವನ್ನೂ ನೋಡದೆ, ಕೆಸರನ್ನು ಒಮ್ಮೆ ನೋಡಿ, ಒಂದೂವರೆಗೆ ಮೆಟ್ಟಿಲು ಮುಟ್ಟುತ್ತದೆ ಎಂದಳು. ಆಗ ಹತ್ತೂವರೆ. ಗಾಡಿ ಐದಕ್ಕೆ. ಎರಡೂವರೆಗೆ ಇಲ್ಲಿಂದ ಹೊರಡದಿದ್ದರೆ ಅದು ತಪ್ಪಿದಂತೆಯೇ. ಕೂತೆವು.

ಮೂರು ಗಂಟೆ! ಬಿಸಿಲು ತಗಡಿನ ಮೇಲೆ ಕಾಯುತ್ತಿತ್ತು. ಮುದುಕಿ ನಮಗೆ ತನ್ನ ಬಾಟಲಿಯ ನೀರು ಕೊಟ್ಟಳು, ನಾನು ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ಮೂವರೂ ತಿಂದೆವು. ಅವ್ವ ಕೆಸರಿನಿಂದ ಕಣ್ಣು ತೆಗೆಯಲೇ ಇಲ್ಲ. ನಿಜ ಹೇಳಿಬಿಡಬೇಕೆಂದು ನಾನು ಎಷ್ಟು ಸಲ ಬಾಯಿ ತೆರೆದೆನೋ, ಅಷ್ಟು ಸಲ "ಸೆಕೆ ಅಲ್ವಾ" ಎಂದೆ.

ಹನ್ನೆರಡೂಕಾಲರ ಹೊತ್ತಿಗೆ ಅವ್ವ ಎದ್ದು ನಿಂತಳು. ದೂರದ ತೆಳ್ಳನೆಯ ಗೆರೆ ದಪ್ಪವಾಗಿತ್ತು. ಕೆಸರಿನ ಸಣ್ಣ ಸಣ್ಣ ಕಾಲುವೆಗಳಲ್ಲಿ ನೀರು ನಮ್ಮ ಕಡೆಗೆ ವಾಪಸು ಹರಿಯತೊಡಗಿತ್ತು. ಮೊದಲ ದೋಣಿ ಅಲುಗಿತು, ಆಮೇಲೆ ನೆಟ್ಟಗಾಯಿತು. ಎರಡನೆಯದು ನೆಟ್ಟಗಾಯಿತು. ಸದ್ದಿಲ್ಲ, ಅಲೆಯಿಲ್ಲ, ಸುಮ್ಮನೆ ಬರುತ್ತಲೇ ಇತ್ತು. ನಾನೂ ಆಯುಷ್ಯದಲ್ಲಿ ಕಡಲು ಹಾಗೆ ಬರುವುದನ್ನು ನೋಡಿರಲಿಲ್ಲ. ನಮ್ಮೂರಿನಲ್ಲಿ ಕೂತು ಕಾಯುವ ಪುರುಸೊತ್ತು ಯಾರಿಗಿತ್ತು?

"ಬರ್ಲತ್ತದ್ರಿ ಅಕ್ಕೋರೆ! ನೋಡ್ರಿ, ತಾನೇ ನಡಕೋತ ಬರ್ಲತ್ತದ!" ಅವ್ವ ನನ್ನ ತೋಳನ್ನು ಹಿಡಿದು ಅಲ್ಲಾಡಿಸಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಒಂದೂವರೆಗೆ ನೀರು ಕೆಳಗಿನ ಮೆಟ್ಟಿಲು ಮುಟ್ಟಿತು. ಇಬ್ಬರೂ ಇಳಿದೆವು. ಅವ್ವ ಅರಿಶಿನ ಕುಂಕುಮವನ್ನು ನೀರಿಗೆ ಹಾಕುವಂತೆ ಸನ್ನೆ ಮಾಡಿ ಮೊರವನ್ನು ನನ್ನ ಮುಂದೆ ಹಿಡಿದಳು. ನನ್ನ ಕೈ ಏಳಲಿಲ್ಲ.

"ಅವ್ವ, ನನ್ನ ಕೈಯಲ್ಲಿ ಆಗಲಿಕ್ಕಿಲ್ಲ. ನಮ್ಮವರು ಹಡಗಿನಲ್ಲಿಲ್ಲ. ಅವರು ತೀರಿಕೊಂಡು ಮೂರೂವರೆ ವರ್ಷ ದಾಟಿತು. ನಾನು ಎಲ್ಲರಿಗೂ ಸುಳ್ಳು ಹೇಳಿದ್ದು" ಎಂದೆ. "ಮುದುಕಿಯನ್ನು ಕರೆಯುತ್ತೇನೆ, ಅವಳ ಕೊರಳಲ್ಲಿ ಕರಿಮಣಿ ಉಂಟು, ಅವಳ ಹತ್ತಿರ ಕೇಳುವ."

ಅವ್ವ ಮೊರವನ್ನು ಇಳಿಸಲಿಲ್ಲ. "ನನಗ ಗೊತ್ತದರಿ" ಎಂದಳು.

"ಏನು ಗೊತ್ತು?"

"ಎಂಟು ತಿಂಗಳಿಂದ ನಿಮ್ಮನಿ ಬಟ್ಟಿ ಒಗಿಲತ್ತೀನಿ. ಗಂಡಸೂರದು ಒಂದು ಅಂಗಿ ಬಂದಿಲ್ಲ. ಕಪಾಟದಾಗ ಫೋಟೋ ಅದ, ಮಾಲಿ ಹಾಕೀರಿ. ಅದರ ಧೂಳ ವರಸಾಕಿ ನಾನೇ ಅಲ್ಲೇನ್ರಿ?"

ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಆಮೇಲೆ ಸಿಟ್ಟು ಬಂತು. "ಗೊತ್ತಿದ್ದೂ ನನ್ನನ್ನೇ ಯಾಕೆ ಕೇಳಿದ್ದು? ಅಷ್ಟು ದೊಡ್ಡ ಹರಕೆ, ಮಗಳ ಜೀವದ ಪ್ರಶ್ನೆ! ಮುತ್ತೈದೆಯರಿಗೆ ಬರವಾ ಈ ಊರಲ್ಲಿ?"

"ಬೇಕಾದಷ್ಟ ಮಂದಿ ಅದಾರ. ಅವರಿಗಿ ಕಳಕೊಂಡಿದ್ದು ಏನು ಗೊತ್ತು?" ಎಂದಳು ಅವ್ವ. "ನನ್ನ ಮಗಳು ಎರಡು ಕಳಕೊಂಡಾಳ. ನಾನೂ ಕಳಕೊಂಡೀನಿ, ಅವತ್ತೇ ಹಣಿ ವರಸಿದ್ರು, ಸುಮ್ಮ ಕುಂತೆ. ನೀವೂ ಕಳಕೊಂಡೀರಿ, ಬಿಟ್ಟುಕೊಡಲಿಲ್ಲ. ಅಂಥಾದೊಂದು ಕೈ ಬೇಕಾಗಿತ್ತು ನನಗ. ತುಂಬ್ರಿ, ನೀರು ಏರ್ಲತ್ತದ."

ತುಂಬಿದೆ. ಅರ್ಧ ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತು. ಆಕೆ ಮಗಳ ಹೆಸರು ಹೇಳಿದಳು, ನಾನೂ ಹೇಳಿದೆ. ಹಸಿರು ಖಣ ಸ್ವಲ್ಪ ಹೊತ್ತು ತೇಲಿ, ನೀರು ಕುಡಿದು, ಒಳಗೆ ಹೋಯಿತು.

ನನ್ನ ಬೆರಳಿನಲ್ಲಿ ಕುಂಕುಮ ಉಳಿದಿತ್ತು. "ಹಚ್ಚಲಾ?" ಎಂದೆ. ಅವ್ವ ಒಂದು ಮೆಟ್ಟಿಲು ಹಿಂದೆ ಸರಿದಳು.

"ಬ್ಯಾಡ್ರಿ. ಕಲ್ಯಾಣದಾಗ ಮಗ ನಿಂತಾನ, ಊರ ಮಂದಿ ಅದಾರ."

ಮೇಲೆ ಬಂದು ಚಪ್ಪಲಿ ಹಾಕಿಕೊಂಡೆವು. ಮುದುಕಿಗೆ ಹೋಗಿಬರುತ್ತೇವೆಂದು ಹೇಳಿದೆವು. ರಿಕ್ಷಾ ಹತ್ತುವ ಮೊದಲು ಅವ್ವ ನಿಂತು, ಕಣ್ಣು ಮುಚ್ಚಿ, ಮುಖ ಎತ್ತಿದಳು. "ಹಚ್ರಿ. ಠಾಣೆ ತನಕ ಇರ್ಲಿ."

ಅವ್ವನ ಮಗಳಿಗೆ ಹದಿನೆಂಟನೇ ದಿನಕ್ಕೆ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಫೋನಿನಲ್ಲಿ ಕೂಸಿನ ಅಳು ಕೇಳಿಸಿದರು, ನಾನು ಕ್ಲಿನಿಕ್ಕಿನಲ್ಲಿ ಪೇಶೆಂಟುಗಳ ಮುಂದೆಯೇ ಅತ್ತೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಆ ಗುರುವಾರದ್ದು ಇನ್ನೂ ಸ್ವಲ್ಪ ಬಾಕಿ ಇದೆ.

ನೆರೂಳದಿಂದ ಠಾಣೆಯ ಲೋಕಲಿನಲ್ಲಿ ಅವ್ವನಿಗೆ ಕಿಟಕಿ ಸೀಟು ಸಿಕ್ಕಿತು. ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳು, ನಾನು ನೋಡಿದರೆ ಹೊರಗೆ ನೋಡಿದಂತೆ ಮಾಡುತ್ತಿದ್ದಳು. ಠಾಣೆಯಲ್ಲಿ ಇಳಿದು ಸೇತುವೆ ಹತ್ತುವಾಗ, "ಅವ್ವ, ಠಾಣೆ ಬಂತು" ಎಂದೆ.

"ಗೊತ್ತಾಗ್ತದರಿ. ಡೊಂಬಿವಲಿ ತನಕ ಇರ್ಲಿ."

ಕಲ್ಯಾಣದ ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರ ಡಬ್ಬಿಯಲ್ಲಿ ಬೆವರುತ್ತಾ, ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತೆವು. ಡೊಂಬಿವಲಿ ಬಂದು ಹೋಯಿತು. ಅವಳೇ, "ಇಳಿಯೂ ಮುಂದ ವರಸ್ಕೋತೀನಿ" ಎಂದಳು.

ಕಲ್ಯಾಣದಲ್ಲಿ ಜನ ನಮ್ಮನ್ನು ತಳ್ಳಿಕೊಂಡೇ ಇಳಿಸಿದರು. ಅವ್ವ ಸೆರಗನ್ನು ಹಣೆಯ ಹತ್ತಿರ ಒಯ್ಯುವುದಕ್ಕೂ ಮಗ ಎದುರಿಗೆ ಬಂದು ನಿಲ್ಲುವುದಕ್ಕೂ ಸರಿಯಾಯಿತು. ಅವನ ಹಿಂದೆ ಗಂಟುಗಳ ಮೇಲೆ ಊರಿನ ಏಳೆಂಟು ಜನ ಕೂತು ನೋಡುತ್ತಿದ್ದರು. ಅವ್ವನ ಕೈ ಅಲ್ಲೇ ನಿಂತಿತು.

ಮಗ ಅವಳ ಹಣೆಯನ್ನು ನೋಡಿದ. ನನ್ನನ್ನು ನೋಡಿದ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ತುಂಬಿದ್ಯೇನವ್ವಾ?" ಎಂದು ಕೇಳಿದ.

"ತುಂಬಿದ್ವಿ" ಎಂದಳು ಅವ್ವ.

ಬೆವರಿಗೆ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಮಗ ತನ್ನ ಅಂಗಿಯ ತೋಳಿನಿಂದ ಇಳಿದಿದ್ದಷ್ಟನ್ನೇ ಮೆಲ್ಲಗೆ ಒರೆಸಿದ. ಹಣೆಯ ಮೇಲಿನದನ್ನು ಹಾಗೇ ಬಿಟ್ಟು, ತಾಯಿಯ ಕೈ ಹಿಡಿದುಕೊಂಡು ಊರವರ ಕಡೆಗೆ ನಡೆದ.